ಹಾಡು ಬಂತು, ಹಾಡಿದವರ ಹೆಸರು ಎಲ್ಲಿ ಹೋಯಿತು?

ಮದುವೆ ಸೀಸನ್ ಶುರುವಾಯಿತೆಂದರೆ ನಮ್ಮ ಮನೆಗಳ ವಾಟ್ಸ್ಆ್ಯಪ್ ಗ್ರೂಪುಗಳಿಗೆ ಹಾಡುಗಳೂ ಬರತೊಡಗುತ್ತವೆ. ಬೆಳಗ್ಗೆ ದಮ್ಮಾಮ್‌ನಲ್ಲಿರುವವರು ಕಳಿಸಿದ ಬ್ಯಾರಿ ಹಾಡು ಮಧ್ಯಾಹ್ನ ಉಪ್ಪಿನಂಗಡಿಯ ಸಂಬಂಧಿಕರ ಗ್ರೂಪಿನಲ್ಲಿರುತ್ತದೆ. ರಾತ್ರಿಯಾಗುವಾಗ ಅದೇ ಹಾಡು 30 ಸೆಕೆಂಡಿನ ತುಂಡಾಗಿ ಯಾರದೋ ಸ್ಟೇಟಸ್ಸಿನಲ್ಲಿ. ಉಮ್ಮಂದಿರು ಕೇಳಿ "ನಮ್ಮದೇ ಮಾತಲ್ವಾ ಇದು" ಎಂದು ಖುಷಿಪಡುತ್ತಾರೆ, ಮಕ್ಕಳು ಎರಡು ದಿನ ಗುನುಗುತ್ತಾರೆ. ಆದರೆ ಹಾಡಿದ್ದು ಯಾರು, ಬರೆದದ್ದು ಯಾರು, ಎಲ್ಲಿಯವರು ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. "ಎಲ್ಲಿಂದಲೋ ಬಂತು ಮಾರಾಯ್ರೆ" ಎಂಬುದೇ ಉತ್ತರ.

ಎಲ್ಲಿಂದಲೋ ಬರಲಿಕ್ಕೆ ಹಾಡು ಮಳೆಯಲ್ಲ. ಉಳ್ಳಾಲದಲ್ಲೋ ಕಾಟಿಪಳ್ಳದಲ್ಲೋ ಪುತ್ತೂರಿನಲ್ಲೋ ಹಗಲಿಡೀ ಅಂಗಡಿಯಲ್ಲಿ, ಕಾಲೇಜಿನಲ್ಲಿ ಇದ್ದು ಬಂದ ನಾಲ್ಕು ಹುಡುಗರು ರಾತ್ರಿ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಒಂದು ಮೈಕಿನ ಮುಂದೆ ಕೂತು ಮಾಡಿದ್ದು ಅದು. ಸಿನಿಮಾದವರು ಹೇಳಿ ಮಾಡಿಸಿದ್ದಲ್ಲ, ಯಾವ ಕಂಪೆನಿಯೂ ಹಣ ಹಾಕಿಲ್ಲ. ಹೀಗೆ ಸ್ವಂತ ಕೈಯಿಂದ ಖರ್ಚು ಮಾಡಿ, ಸ್ವಂತ ಮಾತಿನಲ್ಲಿ ಮಾಡುವುದನ್ನೇ ಈಗ ಸ್ವತಂತ್ರ ಸಂಗೀತ ಎನ್ನುತ್ತಾರೆ. ಬ್ಯಾರಿ ಭಾಷೆಯಲ್ಲಿ ಹೊಸ ಹಾಡು ಹುಟ್ಟುತ್ತಿದ್ದರೆ ಅದು ಹೆಚ್ಚಾಗಿ ಈ ದಾರಿಯಿಂದಲೇ. ಆ ಹಾಡು ನಮ್ಮ ಕಿವಿಗೆ ಬೀಳುತ್ತದೆ, ಮಾಡಿದವರು ನಮಗೆ ಸಿಗುವುದಿಲ್ಲ. ಹೆಸರು ಸಿಗದವರಿಗೆ ಎರಡನೇ ಹಾಡು ಮಾಡುವ ಧೈರ್ಯ ಎಲ್ಲಿಂದ ಬರಬೇಕು? ಈ ವಾರ ನಾವು ಹೇಳಲು ಹೊರಟದ್ದು ಇಷ್ಟನ್ನೇ: ಹೊಸ ಹಾಡುಗಾರರನ್ನು ಹುಡುಕುವ ಕೆಲಸ ಫೋನಿಗೆ ಬಿಟ್ಟರೆ ಆಗುವುದಿಲ್ಲ, ಅದು ಮನೆಮನೆಯ ಕೆಲಸ.

ಹೆಸರಿಲ್ಲದ ಹಾಡು ನಮಗೆ ಹೊಸತಲ್ಲ. ಮೊಯ್ಲಾಂಜಿ ಪಾಟ್, ತೊಟ್ಟಿಲ ಹಾಡು, ಕೋಲ್ಕಳಿಯ ಹಾಡು, ಇವೆಲ್ಲ ಬಾಯಿಂದ ಬಾಯಿಗೆ ಬಂದದ್ದು. ಮದುಮಗಳ ಕೈಗೆ ಮೈಲಾಂಜಿ ಹಚ್ಚುವಾಗ ಸುತ್ತ ಕೂತ ಹೆಂಗಸರು ಆ ಹೊತ್ತಿಗೆ ಹೊಸ ಸಾಲು ಕಟ್ಟಿ ಸೇರಿಸುತ್ತಿದ್ದರು. ಕಟ್ಟಿದವರು ಇಂತಹವರು ಎಂದು ಯಾರೂ ಬರೆದಿಡಲಿಲ್ಲ. ಅವರ ಜೊತೆಗೇ ಎಷ್ಟೋ ಹಾಡುಗಳು ಹೋದವು. ಉಳಿದದ್ದು ಯಾರದ್ದು ಎಂದು ಹೇಳುವ ಹಾಗಿಲ್ಲ.

ಹೆಸರು ಉಳಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಮನೆಗಳಲ್ಲೇ ಉದಾಹರಣೆ ಉಂಟು. ಮುಹ್ಯಿದ್ದೀನ್ ಮಾಲೆ ಕೇಳದ ಹಳೆಯ ಮನೆ ನಮ್ಮಲ್ಲಿ ಕಡಿಮೆ. ಅದನ್ನು ರಚಿಸಿದ್ದು ಕೋಝಿಕ್ಕೋಡಿನ ಖಾಝಿ ಮುಹಮ್ಮದ್, 1607ರಲ್ಲಿ. ಇದು ನಮಗೆ ಗೊತ್ತಿರುವುದು ಯಾಕೆಂದರೆ ಕವಿ ತನ್ನ ಹೆಸರನ್ನೂ ಕೊಲ್ಲಂ ವರ್ಷವನ್ನೂ ಹಾಡಿನ ಒಳಗೇ ಹೇಳಿಬಿಟ್ಟಿದ್ದಾರೆ. 400 ವರ್ಷ ಕಳೆದರೂ ಹಾಡಿನೊಂದಿಗೆ ಹೆಸರೂ ಬಂತು. ಮಹಾಕವಿ ಮೋಯಿನ್‌ಕುಟ್ಟಿ ವೈದ್ಯರು ಹುಟ್ಟಿದ್ದು 1852ರಲ್ಲಿ. ಅವರ 'ಬದ್ರುಲ್ ಮುನೀರ್ ಹುಸ್ನುಲ್ ಜಮಾಲ್' ಬಂದದ್ದು 1872ರಲ್ಲಿ. ಅಂದರೆ ಆಗ ಅವರಿಗೆ 20ರ ಹರೆಯ. ಇವತ್ತು ನಮ್ಮ ಮನೆಯ 20ರ ಹುಡುಗ ಹಾಡು ಬರೆದು ತಂದರೆ "ಓದುವುದು ಬಿಟ್ಟು ಇದೆಂತ" ಎಂದು ಕೇಳುವ ನಾವು, ವೈದ್ಯರೂ ಒಂದು ಕಾಲದಲ್ಲಿ ಹೊಸ ಹುಡುಗನೇ ಆಗಿದ್ದರು ಎಂಬುದನ್ನು ನೆನಪಿಡಬೇಕು.

ಕ್ಯಾಸೆಟ್ಟಿನ ಕಾಲವನ್ನೂ ಸ್ವಲ್ಪ ನೋಡುವ. ಗಲ್ಫಿಗೆ ಹೋದವರು ರಜೆಯಲ್ಲಿ ಬರುವಾಗ ಟೇಪ್ ರೆಕಾರ್ಡರ್ ತಂದರು, ಅದರೊಂದಿಗೆ ಮಾಪ್ಪಿಳ ಹಾಡುಗಳೂ ಮನೆಗೆ ಬಂದವು. ವಿ.ಎಂ. ಕುಟ್ಟಿ, ಎರಂಞೋಳಿ ಮೂಸ, ಪೀರ್ ಮುಹಮ್ಮದ್, ಈ ಹೆಸರುಗಳನ್ನು ನಮ್ಮ ಹಿರಿಯರು ನೆಂಟರ ಹೆಸರಿನ ಹಾಗೆ ಹೇಳುತ್ತಿದ್ದರು. 1970ರ ದಶಕದಲ್ಲಿ ಎಸ್.ಎ. ಜಮೀಲ್ ಅವರ ದುಬೈ ಕತ್ತಿನ ಹಾಡು ಬಂತು. ಗಲ್ಫಿನಲ್ಲಿರುವ ಗಂಡನಿಗೆ ಊರಿನಲ್ಲಿರುವ ಹೆಂಡತಿ ಬರೆಯುವ ಕಾಗದ ಅದು. ಎಷ್ಟೋ ಮನೆಗಳ ಸಂಕಟ ಅದರಲ್ಲಿತ್ತು. ಭಾಷೆ ಮಲಯಾಳವಾದರೂ ನಮ್ಮವರು ಅದನ್ನು ತಮ್ಮದೇ ಮನೆಯ ಕಾಗದವೆಂದು ಕೇಳಿದರು. ಅಂದು ಕ್ಯಾಸೆಟ್ಟಿಗೆ ಒಂದು ಕವರ್ ಇತ್ತು. ಅದರ ಮೇಲೆ ಹಾಡಿದವರ ಹೆಸರು, ಫೋಟೋ ಇರುತ್ತಿತ್ತು. ಹಾಡು ಇಷ್ಟವಾದರೆ ಮುಂದಿನ ಸಲ ಪೇಟೆಗೆ ಹೋದಾಗ ಅದೇ ಹೆಸರು ಹೇಳಿ ಇನ್ನೊಂದು ಕ್ಯಾಸೆಟ್ ಕೇಳಬಹುದಿತ್ತು. ವಾಟ್ಸ್ಆ್ಯಪಿನಲ್ಲಿ ಬರುವ ಫೈಲಿಗೆ ಕವರ್ ಇಲ್ಲ. ಅಲ್ಲೇ ತೊಂದರೆ ಶುರುವಾದದ್ದು.

ಕೇಳುವವರು ಬೆನ್ನಿಗೆ ನಿಂತರೆ ಮನೆಯ ಮಾತು ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಮಲಬಾರಿನಲ್ಲಿ ನೋಡಬಹುದು. ಮಲಯಾಳ ಸಿನಿಮಾದಲ್ಲಿ ಮಲಬಾರಿನ ಮುಸ್ಲಿಮರ ಮಾತು ಬಹಳ ಕಾಲ ನಗಿಸುವ ಪಾತ್ರಗಳ ಮಾತಾಗಿತ್ತು. 2013ರಲ್ಲಿ ಮುಹ್ಸಿನ್ ಪರಾರಿ ಮತ್ತು ಗೆಳೆಯರು 'ನೇಟಿವ್ ಬಾಪ' ಎಂಬ ಹಾಡಿನ ವೀಡಿಯೊವನ್ನು ಯೂಟ್ಯೂಬಿಗೆ ಹಾಕಿದರು. ನಗಿಸುವುದಕ್ಕೆ ಹೆಸರಾಗಿದ್ದ ಮಾಮುಕ್ಕೋಯ ಅದರಲ್ಲಿ, ಭಯೋತ್ಪಾದಕನೆಂಬ ಹಣೆಪಟ್ಟಿಯೊಂದಿಗೆ ಸತ್ತ ಮಗನ ಬಾಪನಾಗಿ, ಅದೇ ಮನೆಯ ಮಾತಿನಲ್ಲಿ ಮಾತಾಡಿದರು. ಯಾರೂ ನಗಲಿಲ್ಲ. ಜನ ಅದನ್ನು ಹೆಸರು ಹೇಳಿ ಒಬ್ಬರಿಗೊಬ್ಬರು ಕೇಳಿಸಿದರು. 2022ರಲ್ಲಿ 'ತಲ್ಲುಮಾಲ' ಸಿನಿಮಾ ಬಂದಾಗ ಅದರ ಹಾಡುಗಳ ಸಾಹಿತ್ಯ ಅದೇ ಮುಹ್ಸಿನ್ ಪರಾರಿಯವರದ್ದು. ಮಲಪ್ಪುರಂ ಕಡೆಯ ಮಾತಿನ ರ‍್ಯಾಪ್ ಹಾಡಿದ ಡಾಬ್ಝೀ ಅಲ್ಲಿಂದ ಕೇರಳದಾಚೆಗೂ ಗೊತ್ತಾದರು. ನಮ್ಮ ಮಕ್ಕಳೂ ಆ ಹಾಡಿಗೆ ಕುಣಿದಿದ್ದಾರೆ. ಹಿಂದೆ ನಾಚಿಕೆಯೆನಿಸುತ್ತಿದ್ದ ಮಾತು 10 ವರ್ಷದೊಳಗೆ ಹೆಮ್ಮೆಯ ಮಾತಾಯಿತು.

ಕನ್ನಡದಲ್ಲೂ ಹೀಗೆ ಆಗಿದೆ. ರಘು ದೀಕ್ಷಿತ್ ಮತ್ತು ತಂಡದ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಶಿಶುನಾಳ ಶರೀಫರ ತತ್ವಪದವನ್ನು ಗಿಟಾರ್ ಹಿಡಿದು ಹಾಡಿ, ಕಾಲೇಜು ಮಕ್ಕಳ ಬಾಯಿಗೆ ತಂದರು. ಸ್ವರಾತ್ಮ ಎಂಬ ತಂಡ 2009ರಲ್ಲಿ ತನ್ನ ಮೊದಲ ಆಲ್ಬಂ ತಂದಿತು. ಇವರನ್ನೂ ಮೊದಲು ಕೈಹಿಡಿದದ್ದು ಸಣ್ಣ ಸಣ್ಣ ವೇದಿಕೆಗಳ ಮುಂದೆ ಕೂತು ಕೇಳಿದವರೇ.

ಇಷ್ಟು ದೂರ ಹೋಗುವುದೂ ಬೇಡ, ಮಂಗಳೂರಿನಲ್ಲೇ ನೋಡುವ. ಕೊಂಕಣಿಯವರ ಮಾಂಡ್ ಸೊಭಾಣ್ 1986ರಲ್ಲಿ ಹುಟ್ಟಿದ ಸಂಸ್ಥೆ. ಶಕ್ತಿನಗರದ ಕಲಾಂಗಣದಲ್ಲಿ ಅವರು 2002ರಿಂದ ತಿಂಗಳಿಗೊಂದು ವೇದಿಕೆ ನಡೆಸಿಕೊಂಡು ಬಂದಿದ್ದಾರೆ. 2008ರ ಜನವರಿಯಲ್ಲಿ 40 ಗಂಟೆ ಎಡೆಬಿಡದೆ ಕೊಂಕಣಿ ಹಾಡಿ ಗಿನ್ನೆಸ್ ದಾಖಲೆಯನ್ನೂ ಬರೆದರು. ದಾಖಲೆ ಒಂದು ಸಲದ್ದು. ದೊಡ್ಡದು ಆ ತಿಂಗಳ ವೇದಿಕೆ. ಇಂತಹ ಕಡೆ ಹೊಸ ಹುಡುಗ, ಹೊಸ ಹುಡುಗಿ ಮೈಕ್ ಹಿಡಿಯುವಾಗ ಎದುರಿಗೆ ಅವರದೇ ಭಾಷೆಯ ಮನೆಯವರು ಕೂತಿರುತ್ತಾರೆ. ಹೆಸರು ಕರೆಯುತ್ತಾರೆ, ಊರು ಹೇಳುತ್ತಾರೆ. ಕೇಳಿದವರು ಮರೆಯುವುದಿಲ್ಲ. ನಮಗೆ ಅಂತಹ ಒಂದು ತಿಂಗಳ ವೇದಿಕೆ ಬೇಡವೇ?

"ಈಗ ಎಲ್ಲ ಫೋನಿನಲ್ಲೇ ಸಿಗುತ್ತದಲ್ಲ, ವೇದಿಕೆ ಯಾಕೆ?" ಎಂದು ಕೇಳುವವರಿದ್ದಾರೆ. ಫೋನ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಈ ಪ್ರಶ್ನೆ ಬರುವುದಿಲ್ಲ. ಹಾಡಿನ ಆ್ಯಪ್ ತೆರೆದ ಕೂಡಲೇ ಯಾವ ಭಾಷೆ ಬೇಕು ಎಂದು ಕೇಳುತ್ತದೆ. ಹಿಂದಿ ಉಂಟು, ಮಲಯಾಳ ಉಂಟು, ಕನ್ನಡ ಉಂಟು. ಬ್ಯಾರಿ ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಆಮೇಲೆ ಅದು ನಮಗೆ ತೋರಿಸುವುದು ನಾವು ಈಗಾಗಲೇ ಕೇಳಿದ್ದಕ್ಕೆ ಹತ್ತಿರವಾದದ್ದನ್ನು, ಮತ್ತು ನಮ್ಮಂತಹವರು ಹೆಚ್ಚು ಕೇಳಿದ್ದನ್ನು. ಯಾರೂ ಕೇಳದ ಹೊಸ ಹಾಡನ್ನು ಅದು ತಾನಾಗಿ ತಂದು ಮುಂದೆ ಇಡುವುದು ಅಪರೂಪ. ಮೊದಲ ಸಾವಿರ ಜನ ಹುಡುಕಿಕೊಂಡು ಹೋಗಿ ಕೇಳಿದರೆ ಆಮೇಲೆ ಅದು ಹತ್ತು ಸಾವಿರ ಜನಕ್ಕೆ ತೋರಿಸೀತು. ಆ ಮೊದಲ ಸಾವಿರ ಯಾರಾಗಬೇಕು? ಮುಂಬಯಿಯವರಾ, ದಿಲ್ಲಿಯವರಾ? ನಾವೇ ಅಲ್ಲವಾ?

ದುಡ್ಡಿನ ಲೆಕ್ಕವೂ ಹಾಗೆಯೇ. ಸ್ಪಾಟಿಫೈಯಲ್ಲಿ 2024ರಿಂದ, 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಲ್ಟಿ ಲೆಕ್ಕವೇ ಇಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಚಾನೆಲ್ಲಿಗೆ 1,000 ಚಂದಾದಾರರು ಬೇಕು, ಜೊತೆಗೆ 12 ತಿಂಗಳಲ್ಲಿ ಜನ ಒಟ್ಟು 4,000 ಗಂಟೆ ನೋಡಿರಬೇಕು. ಶಾರ್ಟ್ಸ್‌ಗೆ ಬೇರೆ ದಾರಿ, 90 ದಿನದಲ್ಲಿ 1 ಕೋಟಿ ವೀಕ್ಷಣೆ. 4 ನಿಮಿಷದ ಹಾಡನ್ನು ಪೂರ್ತಿ ಕೇಳುವುದಾದರೆ 4,000 ಗಂಟೆಗೆ 60,000 ಸಲ ಆಗುತ್ತದೆ. ದೊಡ್ಡ ಸಂಖ್ಯೆ ಎನಿಸಬಹುದು. ಆದರೆ 300 ಮನೆಗಳ ಒಂದು ಮೊಹಲ್ಲಾ ಇದೆ ಎಂದುಕೊಳ್ಳಿ. ಮನೆಗೆ ನಾಲ್ವರು, ವಾರಕ್ಕೆ ಒಂದೇ ಸಲ ಆ ಚಾನೆಲ್ಲಿನ ಒಂದು ಹಾಡನ್ನು ಪೂರ್ತಿ ಕೇಳಿದರೆ ವಾರಕ್ಕೆ 1,200 ಆಯಿತು. 50 ವಾರದಲ್ಲಿ 60,000. ಒಂದು ಜಮಾಅತ್ ಮನಸ್ಸು ಮಾಡಿದರೆ ಒಂದು ವರ್ಷದಲ್ಲಿ ಒಂದು ತಂಡವನ್ನು ದಡ ಹತ್ತಿಸಬಹುದು.

ಅದೇ ಹಾಡನ್ನು ಡೌನ್‌ಲೋಡ್ ಮಾಡಿ ಗ್ರೂಪಿಗೆ ಹಾಕಿದರೆ? ಸಾವಿರ ಜನ ಕೇಳಿದರೂ ಆ ಲೆಕ್ಕಕ್ಕೆ ಒಂದೂ ಸೇರುವುದಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಕಳಿಸಿರುತ್ತಾರೆ, ಆದರೆ ಮಾಡಿದವರ ಪಾಲಿಗೆ ಅದು ಕೇಳದ ಹಾಗೆಯೇ.

ಇನ್ನು ಮನೆಯೊಳಗಿನ ಮಾತುಗಳಿಗೆ ಬರುವ. ಮೊದಲನೆಯದು ದೀನಿನ ಪ್ರಶ್ನೆ. ವಾದ್ಯಗಳ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನ ಅಭಿಪ್ರಾಯಗಳಿವೆ. ಪ್ರತಿ ಮನೆಯೂ ತಾನು ನಂಬುವ ಉಸ್ತಾದರ ಮಾತು ಕೇಳುತ್ತದೆ, ಕೇಳಲಿ. ಅದನ್ನು ತೀರ್ಮಾನಿಸುವುದು ಈ ಬರಹದ ಕೆಲಸವಲ್ಲ. ಆದರೆ ಇಷ್ಟನ್ನು ಹೇಳಬಹುದು: ವಾದ್ಯವಿಲ್ಲದೆ ಬರೀ ದನಿಯಿಂದ, ಇಲ್ಲವೇ ದಫ್ ಒಂದನ್ನೇ ಹಿಡಿದು ಹಾಡುವವರೂ ಹೊಸಬರಲ್ಲಿ ಇದ್ದಾರೆ. ದಕ್ಷಿಣ ಆಫ್ರಿಕಾದ ಝೈನ್ ಭಿಖಾ ಬರೀ ದನಿಯ ಹಾಡುಗಳಿಂದಲೇ ಲೋಕದ ಮುಸ್ಲಿಂ ಮನೆಗಳಿಗೆ ಪರಿಚಯವಾದವರು. ನಮ್ಮ ಮನೆಗೆ ಒಪ್ಪುವ ಹಾಡು ಯಾವುದು, ಮಾತು ಶುದ್ಧವಾಗಿರುವುದು ಯಾರದ್ದು ಎಂದು ಆರಿಸಿಕೊಳ್ಳಬೇಕಾದರೂ ಮೊದಲು ಹಾಡಿದವರ ಹೆಸರು ಗೊತ್ತಿರಬೇಕಲ್ಲ? ಹೆಸರಿಲ್ಲದ ಫೈಲಿನಲ್ಲಿ ಒಳ್ಳೆಯದೂ ಕೆಟ್ಟದೂ ಒಂದೇ ರಾಶಿಯಲ್ಲಿ ಬರುತ್ತದೆ. ಹಾಗೆ ಬಂದದ್ದನ್ನೇ ಮಕ್ಕಳೂ ಕೇಳುತ್ತಾರೆ.

ಎರಡನೆಯದು ಹೆಣ್ಣುಮಕ್ಕಳ ವಿಷಯ. ಮೊಯ್ಲಾಂಜಿ ಪಾಟ್ ಕಟ್ಟಿದ್ದು ಹೆಂಗಸರು ಎಂದು ಆಗಲೇ ಹೇಳಿದೆವು. ಇವತ್ತೂ ನಮ್ಮ ಎಷ್ಟೋ ಹುಡುಗಿಯರ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಹಾಡುಗಳಿವೆ. ವೇದಿಕೆ ಹತ್ತುವುದು ಬೇಡ ಎಂದು ಮನೆಯವರು ಹೇಳಬಹುದು, ಅವರೇ ಬೇಡವೆನ್ನಬಹುದು. ಆದರೆ ತಂಗಿ ಬರೆದ ಸಾಲನ್ನು ಅಣ್ಣ ಹಾಡಿದಾಗ 'ಸಾಹಿತ್ಯ' ಎಂಬಲ್ಲಿ ತಂಗಿಯ ಹೆಸರು ಹಾಕಲಿಕ್ಕೆ ಯಾರ ಅಡ್ಡಿಯೂ ಇರಬಾರದು. ಅಜ್ಜಿಯರಿಗೆ ಆದದ್ದು ಮೊಮ್ಮಕ್ಕಳಿಗೂ ಆಗುವುದು ಬೇಡ.

ಮೂರನೆಯದು ಹಾಡಿನ ಗುಣಮಟ್ಟ. "ಎಲ್ಲ ಮಲಯಾಳ ಸಿನಿಮಾದ ಟ್ಯೂನಿಗೆ ಬ್ಯಾರಿ ಮಾತು ಕೂರಿಸಿದ್ದು" ಎಂಬ ದೂರಿನಲ್ಲಿ ಸತ್ಯಾಂಶ ಉಂಟು. ಇದನ್ನು ಹಾಡುಗಾರ ಮಕ್ಕಳಿಗೆ ನೇರವಾಗಿ ಹೇಳುವುದು ಒಳ್ಳೆಯದು. ಬೇರೆಯವರ ಟ್ಯೂನ್ ಬಳಸಿದರೆ ಯೂಟ್ಯೂಬ್ ಅದನ್ನು ಪತ್ತೆ ಮಾಡುತ್ತದೆ. ಜಾಹೀರಾತಿನ ದುಡ್ಡು ಟ್ಯೂನಿನ ಮಾಲಕರಿಗೆ ಹೋಗಬಹುದು, ವೀಡಿಯೊವೇ ನಿಂತುಹೋಗಲೂಬಹುದು. ನಿಮ್ಮ ಬೆವರು, ಅವರ ಲಾಭ. ಅದರ ಬದಲು ಅಜ್ಜಿಯ ಬಳಿ ಕೂತು ಒಂದು ಹಳೆಯ ಇಶಲ್ ಕಲಿಯಿರಿ. ತಲೆಮಾರುಗಳಿಂದ ಬಂದ ಆ ಧಾಟಿಯನ್ನು ಯಾವ ಕಂಪೆನಿಯೂ ತನ್ನದೆನ್ನಲಾಗದು. ಅದರ ಮೇಲೆ ಇವತ್ತಿನ ಮಾತು ಕಟ್ಟಿ. ಗಲ್ಫಿನ ಕೆಲಸ ಬಿಟ್ಟು ಊರಿಗೆ ಬಂದವನ ಮಾತು, ಮೀನಿನ ದಕ್ಕೆಯ ಬೆಳಗಿನ ಮಾತು, ಹಾಸ್ಟೆಲಿನಲ್ಲಿರುವ ಹುಡುಗಿಯ ಮಾತು. ಇವುಗಳನ್ನು ಬ್ಯಾರಿಯಲ್ಲಿ ಹಾಡಲು ನಮ್ಮವರಲ್ಲದೆ ಬೇರೆ ಯಾರು ಬರುತ್ತಾರೆ?

ಹಾಡು ಮಾಡುವವರು ಕಾನೂನನ್ನೂ ತಿಳಿದಿರಬೇಕು. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಸ್ವಂತ ಹಾಡು ರಚಿಸಿದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. 2012ರ ತಿದ್ದುಪಡಿಯ ನಂತರ, ಧ್ವನಿಮುದ್ರಣವಾದ ಹಾಡಿನ ರಾಯಲ್ಟಿಯಲ್ಲಿ ಬರೆದವರಿಗೂ ಸ್ವರ ಹಾಕಿದವರಿಗೂ ಇರುವ ಪಾಲನ್ನು ಕಂಪೆನಿಯವರು ಬರೆಸಿಕೊಂಡು ಕಿತ್ತುಕೊಳ್ಳುವ ಹಾಗಿಲ್ಲ. ಆದರೆ ಯಾರು ಬರೆದರು, ಯಾರು ಸ್ವರ ಹಾಕಿದರು ಎಂಬುದು ಎಲ್ಲಾದರೂ ಬರೆದಿರಬೇಕಲ್ಲ? ವೀಡಿಯೊದ ಕೆಳಗೆ ಕನ್ನಡ ಅಕ್ಷರದಲ್ಲೂ ಇಂಗ್ಲಿಷಿನಲ್ಲೂ ಎಲ್ಲರ ಹೆಸರು, ಊರು, ವರ್ಷ ಹಾಕಿ. ಖಾಝಿ ಮುಹಮ್ಮದ್ 1607ರಲ್ಲಿ ಮಾಡಿದ್ದನ್ನು ಇವತ್ತು ನೀವು ಮಾಡುವುದಕ್ಕೆ ಎರಡು ನಿಮಿಷ ಸಾಕು.

ಮನೆಯವರು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಮೊದಲು ಹುಡುಕುವುದು. ಇಂಗ್ಲಿಷಿನಲ್ಲಿ ನಮ್ಮ ಹೆಸರನ್ನೇ ಎರಡು ಬಗೆಯಲ್ಲಿ ಬರೆಯುತ್ತಾರೆ. ಸಾಹಿತ್ಯ ಅಕಾಡೆಮಿಯ ಹೆಸರಿನಲ್ಲಿ ಬಿ-ಇ-ಎ-ಆರ್-ವೈ ಎಂದಿದ್ದರೆ, ಮರಾಠಿಯ 'ದೇವೂಳ್' ಜೊತೆ 2011ರ ಅತ್ಯುತ್ತಮ ಚಿತ್ರದ ರಾಷ್ಟ್ರ ಪ್ರಶಸ್ತಿ ಹಂಚಿಕೊಂಡ ನಮ್ಮ 'ಬ್ಯಾರಿ' ಸಿನಿಮಾದ ಹೆಸರು ಬಿ-ವೈ-ಎ-ಆರ್-ಐ. ಒಂದು ಬಗೆಯಲ್ಲಿ ಹುಡುಕಿದರೆ ಇನ್ನೊಂದರಲ್ಲಿರುವ ಹಾಡು ಸಿಗದೆ ಹೋಗಬಹುದು. ಎರಡನ್ನೂ, ಕನ್ನಡದಲ್ಲೂ ಹಾಕಿ ನೋಡಿ. ಸಿಕ್ಕಿದರೆ ಹಾಡಿದವರ ಸ್ವಂತ ಚಾನೆಲ್ ಯಾವುದು ಎಂದು ನೋಡಿ ಅಲ್ಲೇ ಕೇಳಿ, ಚಂದಾದಾರರಾಗಿ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಪೂರ್ತಿ ಕೇಳಿ. ಗ್ರೂಪಿಗೆ ಕಳಿಸುವಾಗ ಫೈಲ್ ಬೇಡ, ಲಿಂಕ್ ಕಳಿಸಿ, ಮೇಲೆ ಒಂದು ಸಾಲು ಬರೆಯಿರಿ: ಇಂತಹವರು ಹಾಡಿದ್ದು, ಇಂತಹವರು ಬರೆದದ್ದು, ಇಂತಹ ಊರಿನವರು.

ಮದುವೆಯ ಹಿಂದಿನ ದಿನ ಹಾಡಿಸುವ ಮನೆಗಳು ಉಂಟು. ಹೊರಗಿನಿಂದ ದೊಡ್ಡ ತಂಡ ಕರೆಸುವವರು ಕರೆಸಲಿ. ಅದರ ನಡುವೆ ಅರ್ಧ ಗಂಟೆ ನಮ್ಮದೇ ಊರಿನ ಹೊಸ ತಂಡಕ್ಕೆ ಕೊಡಬಹುದು. ಕೊಡುವಾಗ "ನಮ್ಮ ಹುಡುಗರೇ ಅಲ್ಲವಾ, ಬಿರಿಯಾನಿ ತಿಂದು ಹೋಗಲಿ" ಎಂದು ಬಿಡಬೇಡಿ. ಶಾಮಿಯಾನದವರಿಗೂ ಬಂಡಾರಿಗೂ ಕೊಡುವ ಹಾಗೆ ಅವರಿಗೂ ಮೊದಲೇ ಮಾತಾಡಿ ಹಣ ಕೊಡಿ, ವೇದಿಕೆಯಲ್ಲಿ ಹೆಸರು ಹೇಳಿಸಿ. ಮನೆಯಲ್ಲಿ ಹಳೆಯ ಹಾಡು ಗೊತ್ತಿರುವ ಹಿರಿಯರಿದ್ದರೆ ಅವರದ್ದನ್ನು ಫೋನಿನಲ್ಲಿ ದಾಖಲಿಸಿ, ಹೆಸರು ಮತ್ತು ಊರನ್ನು ಅವರ ಬಾಯಿಂದಲೇ ಮೊದಲು ಹೇಳಿಸಿ.

ಕಾಸರಗೋಡಿನ ತಳಂಗರೆಯ ಕವಿ ಟಿ. ಉಬೈದ್ ಅವರನ್ನು ಇಲ್ಲಿ ನೆನೆಯಬೇಕು. ಮಾಪ್ಪಿಳ ಹಾಡನ್ನು ಸಾಹಿತ್ಯವೆಂದು ಪಂಡಿತರು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಕಾಲದಲ್ಲಿ, 1947ರಲ್ಲಿ ಕೋಝಿಕ್ಕೋಡಿನ ಸಾಹಿತ್ಯ ಪರಿಷತ್ತಿನ ಸಮ್ಮೇಳನದಲ್ಲಿ ಎದ್ದು ನಿಂತು ಅದರ ಪರವಾಗಿ ಮಾತಾಡಿದವರು ಅವರು. ಹೊರಗಿನವರು ಒಪ್ಪಲಿ ಎಂದು ಕಾಯಲಿಲ್ಲ. ನಮ್ಮಲ್ಲಿ ಈಗ ಅಕಾಡೆಮಿಯೇ ಉಂಟು, 2009ರಿಂದ. ಅಕ್ಟೋಬರ್ 3ರಂದು ಬ್ಯಾರಿ ಭಾಷಾ ದಿನ ಆಚರಿಸುತ್ತೇವೆ. ಆ ದಿನದ ಭಾಷಣಗಳಲ್ಲಿ ಎರಡನ್ನು ಕಡಿಮೆ ಮಾಡಿ, ಆ ವರ್ಷ ಬಂದ ಹೊಸ ಹಾಡುಗಳಿಗೆ, ಹೊಸ ತಂಡಗಳಿಗೆ ಒಂದು ಗಂಟೆ ಕೊಡಬಹುದು. ಬ್ಯಾರಿ ಹಾಡುಗಳ ಒಂದು ಪಟ್ಟಿಯನ್ನೂ ಶುರು ಮಾಡಬಹುದು: ಹಾಡು, ಬರೆದವರು, ಸ್ವರ ಹಾಕಿದವರು, ಹಾಡಿದವರು, ಊರು, ವರ್ಷ. ವರ್ಷಕ್ಕೊಮ್ಮೆಯ ಆ ಒಂದು ಗಂಟೆ ಮುಂದೆ ತಿಂಗಳಿಗೊಂದು ಸಂಜೆಯಾಗಲಿ. ಹಾಲ್ ದೊಡ್ಡದು ಬೇಕೆಂದಿಲ್ಲ. ಬಿ.ಸಿ. ರೋಡಿನಲ್ಲೋ ದೇರಳಕಟ್ಟೆಯಲ್ಲೋ 100 ಕುರ್ಚಿ, ಒಂದು ಮೈಕ್ ಸಾಕು. ಕುರ್ಚಿಯಲ್ಲಿ ಕೂರಲು ಮನೆಯವರು ಬಂದರೆ ಹಾಡುವವರು ತಾವಾಗಿ ಬರುತ್ತಾರೆ.